ಎಲ್ಲ ಕಟ್ಟಡಗಳಲ್ಲೂ ಒಬ್ಬಳೇ ನಿಂತಿರುವ ಬಗ್ಗೆ

ಕಡಲಾಚೆಯ ಕಟ್ಟಡ ವಿನ್ಯಾಸ ಸಂಸ್ಥೆಯೊಂದರಲ್ಲಿ ಹಗಲಿರುಳೂ ಅರ್ಜಿಗಳನ್ನು ಸ್ವೀಕರಿಸುತ್ತಿರುವ ಯಂತ್ರ ಮಹೋದಯರ ಸನ್ನಿಧಾನಕ್ಕೆ, ಆರ್ಕಿಟೆಕ್ಟ್ ಒಬ್ಬನ ಅನಂತ ನಮಸ್ಕಾರಗಳು.

ಮಾನ್ಯರೇ,

‘ಕಟ್ಟಡ ಮಾತಾಡಲಿ, ನೀವು ಸುಮ್ಮನಿರಿ’ ಎಂಬರ್ಥದ ಮಾತೊಂದು ತಮ್ಮ ಸೂಚನೆಗಳಲ್ಲಿತ್ತೋ, ಇಲ್ಲಾ ಹೆಂಡತಿ ನನ್ನ ಅರ್ಜಿಯನ್ನು ಓದಿ ಫೋನಿನಲ್ಲಿ ಹೇಳಿದ್ದೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ; ಯಾರೇ ಹೇಳಿರಲಿ, ಅದರಂತೆ ನಡೆದುಕೊಂಡದ್ದರಿಂದಲೇ ಈ ಪತ್ರ ಬರೆಯುವ ಸ್ಥಿತಿ ಬಂದಿದೆ ಎಂಬುದನ್ನು ಮೊದಲಿಗೇ ವಿನಯದಿಂದ ಅರಿಕೆ ಮಾಡಿಕೊಳ್ಳುತ್ತೇನೆ.

ನನ್ನ ಹೆಂಡತಿ, ನಾನೇ ನಕ್ಷೆ ಬರೆದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದವಳು. ತಮ್ಮ ದೇಶದ ಆಸ್ಪತ್ರೆಯವರು ಅವಳನ್ನು ಕರೆಸಿಕೊಂಡು ಒಂದು ಚಳಿಗಾಲ ಕಳೆಯಿತು. ಅಲ್ಲಿ ನನಗೂ ಕೆಲಸ ಸಿಕ್ಕರೆ ಅವಳಿರುವ ಮನೆ ನನ್ನದೂ ಆಗುತ್ತದೆ. ಸಿಗದಿದ್ದರೆ ರಜೆಯಲ್ಲಿ ಅತಿಥಿಯಾಗಿ ಹೋಗಿ, ಅತಿಥಿಯಾಗಿಯೇ ವಾಪಸ್ಸು ಬರಬೇಕು. ಆದ್ದರಿಂದ ಈ ನಡುವಯಸ್ಸಿನಲ್ಲಿ, ಕಾಲೇಜು ಮುಗಿಸಿದ ಹುಡುಗರ ಹಾಗೆ, ಇಷ್ಟು ಕಾಲ ಬರೆದ ನಕ್ಷೆಗಳಲ್ಲಿ ಮರ್ಯಾದಸ್ಥವಾದವನ್ನು ಆರಿಸಿ, ಪೋರ್ಟ್‌ಫೋಲಿಯೊ ಮಾಡಿ ತಮಗೆ ಅರ್ಪಿಸಿದೆ. ಪುಟದ ಸುತ್ತ ಎಷ್ಟು ಖಾಲಿ ಜಾಗ ಬಿಟ್ಟರೆ ಸ್ವಂತ ವಿಚಾರವಿರುವವನಂತೆ ಕಾಣುತ್ತೇನೆ ಎಂದು ಯೋಚಿಸುವುದರಲ್ಲೇ ವಾರಗಳು ಹೋದವು.

ಅರ್ಪಿಸಿ, ಕುರ್ಚಿಯಿಂದ ಏಳುವುದರೊಳಗೆ ತಮ್ಮ ಉತ್ತರ ಬಂತು. ಎಲ್ಲ ಪುಟಗಳಲ್ಲೂ ಒಬ್ಬರೇ ವ್ಯಕ್ತಿ ಕಾಣಿಸಿಕೊಂಡಿರುವುದರಿಂದ ಅವುಗಳನ್ನು ಒಂದೇ ಚಿತ್ರದ ನಕಲುಗಳೆಂದು ಪರಿಗಣಿಸಿ, ಅರ್ಜಿಯನ್ನು ಹಿಂದಿರುಗಿಸಲಾಗಿದೆ ಎಂದಿತ್ತು.

ತಮ್ಮ ದೃಷ್ಟಿಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಕಟ್ಟಡದ ಗಾತ್ರ ಗೊತ್ತಾಗಲೆಂದು ಚಿತ್ರದಲ್ಲಿ ಒಂದು ಮನುಷ್ಯಾಕೃತಿಯನ್ನು ನಿಲ್ಲಿಸುವುದು ನಮ್ಮ ಕಸುಬಿನ ರೂಢಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೇರೆ ಯಾರೂ ಕೈಗೆ ಸಿಗದೆ, ಹೆಗಲಿಗೆ ಚೀಲ ಹಾಕಿಕೊಂಡು ಬಸ್ಸಿಗೆ ಕಾಯುತ್ತಿದ್ದ ಹೆಂಡತಿಯ ಫೋಟೊ ತೆಗೆದು, ಸುತ್ತಲಿನದನ್ನೆಲ್ಲ ಕತ್ತರಿಸಿ, ಅವಳನ್ನು ಒಂದು ಶಾಲೆಯ ಜಗಲಿಯಲ್ಲಿ ನಿಲ್ಲಿಸಿದೆ. ಆಮೇಲೆ ಅಲ್ಲಿಂದ ಎತ್ತಿ ಆಸ್ಪತ್ರೆಯ ಕೌಂಟರಿನ ಮುಂದೆ, ಅಲ್ಲಿಂದ ಸಿಮೆಂಟ್ ಗೋದಾಮಿನಲ್ಲಿ, ಕೊನೆಗೊಮ್ಮೆ ಶವಾಗಾರದ ಹೊರಕೋಣೆಯಲ್ಲಿ. ಎಲ್ಲ ಕಡೆಯೂ ಅದೇ ಚೀಲ, ಅದೇ ಎಡಕ್ಕೆ ತಿರುಗಿದ ಮುಖ, ಬಸ್ಸು ಇನ್ನೂ ಬರಲಿಲ್ಲವೆಂಬ ಅದೇ ಅಸಮಾಧಾನ. ಇದನ್ನು ನಮ್ಮ ಆಫೀಸಿನ ಯಜಮಾನರು ನೋಡಲಿಲ್ಲ, ಕಟ್ಟಿಸಿದವರು ನೋಡಲಿಲ್ಲ, ಮಂಜೂರಾತಿ ಕೊಟ್ಟ ಅಧಿಕಾರಿಗಳಂತೂ ನಕ್ಷೆಯನ್ನೇ ನೋಡಲಿಲ್ಲ. ಹೆಂಡತಿಯ ತಂಗಿ ಮಾತ್ರ ಒಮ್ಮೆ ಪುಟ ತಿರುವುತ್ತಾ, ‘ಅಲ್ಲ ಭಾವ, ನಮ್ಮಕ್ಕನ್ನ ಶವಾಗಾರದಲ್ಲೂ ಒಬ್ಬಳನ್ನೇ ಬಿಟ್ಟು ಬಂದಿದ್ದೀರಲ್ಲ. ಒಂದು ಕುರ್ಚಿನಾದ್ರೂ ಹಾಕಬಾರದಿತ್ತಾ?’ ಎಂದು ಕೇಳಿದ್ದಳು. ಆಕೆಯನ್ನು ಬಿಟ್ಟರೆ ಗಮನವಿಟ್ಟು ನೋಡಿದವರು ತಾವೇ.

ತಪ್ಪನ್ನು ತಿದ್ದಿಕೊಂಡೆ. ಇಂಟರ್ನೆಟ್ಟಿನಲ್ಲಿ ಬಿಟ್ಟಿಯಾಗಿ ಸಿಗುವ ಮನುಷ್ಯರನ್ನು ತಂದು, ಹೆಂಡತಿಯಿದ್ದ ಜಾಗಗಳಿಗೆಲ್ಲ ಹಂಚಿದೆ. ಬಲೂನು ಹಿಡಿದ ಯುವತಿ ಗೋದಾಮಿಗೆ ಹೋದಳು, ನಾಯಿ ಹಿಡಿದ ಗಡ್ಡದವನು ಆಸ್ಪತ್ರೆಗೆ, ಸೈಕಲ್ಲಿನವನು ಶವಾಗಾರಕ್ಕೆ. ಎಲ್ಲರೂ ಆರೋಗ್ಯವಂತರು, ಎಲ್ಲರಿಗೂ ಒಳ್ಳೆಯ ಹಲ್ಲು. ‘ಇವನ್ಯಾರು ಭಾವ, ಶವಾಗಾರದಲ್ಲೇನು ಸಿಕ್ತು ಅಂತ ನಗ್ತಿದ್ದಾನೆ?’ ಎಂದು ಹೆಂಡತಿಯ ತಂಗಿ ಕೇಳಿದ್ದಕ್ಕೆ, ವಿದೇಶಕ್ಕೆ ಹೋಗುವ ಅರ್ಜಿಯಲ್ಲಿ ಹಾಗೆಲ್ಲ ನಗಬೇಕಾಗುತ್ತದೆ ಎಂದು ಸಮಜಾಯಿಷಿ ಕೊಟ್ಟೆ.

ಆದರೆ ಈ ಅಪರಿಚಿತರನ್ನು ಅವರವರ ನಿಜವಾದ ಎತ್ತರಕ್ಕೆ ಬೆಳೆಸಿದೊಡನೆ ಒಂದು ವಿಚಿತ್ರ ನಡೆಯಿತು. ಗಡ್ಡದವನ ಮುಖ ಗಡ್ಡದ ಸಮೇತ ಕಿಟಕಿಯ ಮೇಲಿನ ಗೋಡೆಯ ಹಿಂದೆ ಮರೆಯಾಗಿ, ಹೊರಗಿನವರಿಗೆ ಅವನ ಅಂಗಿಯ ಗುಂಡಿಗಳಷ್ಟೇ ಕಾಣತೊಡಗಿದವು. ಆಸ್ಪತ್ರೆಯ ಕೌಂಟರು ಅವನ ತೊಡೆಗೆ ಬಂತು. ಆದರೂ ಹಾಗೆಯೇ ಕಳಿಸಿದೆ; ಅಳತೆಯಲ್ಲಿ ದೋಷವಿದೆಯೆಂದು ತಾವು ಎರಡನೆಯ ಸಲವೂ, ಅಷ್ಟೇ ಚುರುಕಾಗಿ, ಹಿಂದಿರುಗಿಸಿದಿರಿ.

ಸ್ಕೇಲು ಹಿಡಿದು ನೋಡಿದೆ. ಕಟ್ಟಡಗಳು ನಾನು ಬರೆದ ಅಳತೆಯಲ್ಲೇ ಇದ್ದವು. ಮೆಟ್ಟಿಲ ಪಕ್ಕದ ಕೈಹಿಡಿ, ಕೈ ತೊಳೆಯುವಲ್ಲಿನ ಕನ್ನಡಿ, ಕಿಟಕಿಯ ಕೆಳಗಿನ ಕಟ್ಟೆ, ಎಲ್ಲವೂ ಸ್ವಲ್ಪ ಕುಳ್ಳಗಿರುವ ಒಬ್ಬ ಹೆಂಗಸಿಗೆ ಅಚ್ಚುಕಟ್ಟಾಗಿ ಹೊಂದುತ್ತಿದ್ದವು. ನಾನು ಮೊದಲು ಕಟ್ಟಡ ಬರೆದು, ಆಮೇಲೆ ಅವಳನ್ನು ನಿಲ್ಲಿಸುತ್ತಿದ್ದೇನೆ ಎಂದುಕೊಂಡಿದ್ದೆ; ನೋಡಿದರೆ ಅವಳು ನಿಂತಿದ್ದಲ್ಲೇ ಸುತ್ತಲೂ ಗೋಡೆಗಳು ಎದ್ದಿದ್ದವು. ಅಂದರೆ ಈ ಊರಿನ ಎತ್ತರದ ಗಂಡಸರು ಇಷ್ಟು ವರ್ಷವೂ ಸಾರ್ವಜನಿಕ ಕನ್ನಡಿಗಳಲ್ಲಿ ತಮ್ಮ ಗಲ್ಲವನ್ನಷ್ಟೇ ನೋಡಿಕೊಂಡು ಹೊರಗೆ ಬಂದಿದ್ದಾರೆ. ಯಾರೂ ದೂರು ಕೊಟ್ಟಿಲ್ಲ. ಜನ ಬಗ್ಗಿ ಬಗ್ಗಿ ಅಭ್ಯಾಸ ಮಾಡಿಕೊಂಡುಬಿಡುತ್ತಾರೆ.

ಇದನ್ನು ಫೋನಿನಲ್ಲಿ ಹೆಂಡತಿಗೆ ಹೇಳಿದಾಗ ಅವಳು ತುಂಬ ಹೊತ್ತು ನಕ್ಕಳು. ‘ಅದಕ್ಕೇ ಮತ್ತೆ, ಆ ಲ್ಯಾಬಿನ ಕಟ್ಟೆ ನಂಗೆ ಅಷ್ಟು ಸರಿಹೋಗಿದ್ದು. ನಾನೇನೋ ಎಲ್ಲಾ ಕಡೆ ಹಾಗೇ ಇರುತ್ತೆ ಅಂದ್ಕೊಂಡಿದ್ದೆ ಕಣ್ರೀ. ಇಲ್ಲಿ ನನ್ನ ರೂಮಿನ ಕಿಟಕಿ ಇರೋದು ತಲೆ ಮೇಲೆ. ಹೊರಗೆ ನೋಡ್ಬೇಕು ಅಂದ್ರೆ ಸ್ಟೂಲ್ ಹತ್ತಬೇಕು. ದಿನಾ ಹತ್ತುತೀನಿ’ ಎಂದಳು. ಹತ್ತಿದರೆ ಏನು ಕಾಣುತ್ತದೆ ಎಂದು ಕೇಳಿದೆ. ‘ಪಕ್ಕದ ಮನೆ ಗೋಡೆ’ ಎಂದಳು.

ಆದ್ದರಿಂದ ಮಾನ್ಯರಲ್ಲಿ ನನ್ನ ಕೋರಿಕೆ ಅತ್ಯಲ್ಪವಾದುದು. ತಮ್ಮ ದೇಶದ ಸಮಸ್ತ ಕಿಟಕಿಗಳನ್ನು ಒಂದು ಗೇಣು ಕೆಳಗಿಳಿಸಲು ಈ ಕೂಡಲೇ ಆಜ್ಞೆ ಮಾಡಬೇಕು. ಅದು ಕಷ್ಟವಾದಲ್ಲಿ ತಮ್ಮ ಪ್ರಜೆಗಳ ಎತ್ತರವನ್ನೇ ಹಂತ ಹಂತವಾಗಿ ತಗ್ಗಿಸಿಕೊಡಬೇಕು. ಅದೂ ತಮ್ಮ ವ್ಯಾಪ್ತಿಗೆ ಬರದಿದ್ದರೆ, ಕಿಟಕಿಗಳನ್ನು ಎಲ್ಲಿ ಕೊರೆಯಬೇಕೆಂದು ತೀರ್ಮಾನವಾಗುವ ಮೇಜಿನ ಯಾವುದಾದರೂ ಒಂದು ಮೂಲೆಯಲ್ಲಿ ನನಗೊಂದು ಕುರ್ಚಿ ಕೊಡಿಸಬೇಕು. ಬಲೂನಿನ ಯುವತಿಯನ್ನೂ ಅವಳ ಸಂಗಡಿಗರನ್ನೂ ಬಿಡುಗಡೆ ಮಾಡಿ, ಮೊದಲಿನ ಪುಟಗಳನ್ನೇ ಮತ್ತೆ ಕಳಿಸುತ್ತಿದ್ದೇನೆ. ಸ್ವಂತ ಕೆಲಸವನ್ನು ಮಾತ್ರ ತೋರಿಸಿ ಎಂದು ತಾವು ದಪ್ಪಕ್ಷರದಲ್ಲಿ ಬರೆದಿದ್ದೀರಿ. ಕಾಂಕ್ರೀಟು, ಗಾಜು, ಕಂಬಗಳನ್ನೆಲ್ಲ ಯಾರು ಬೇಕಾದರೂ ಹಾಗೆಯೇ ಬರೆಯಬಹುದಿತ್ತು. ಅದರಲ್ಲಿ ಸ್ವಂತದ್ದು ಎನ್ನಬಹುದಾದದ್ದು ಅವಳು ನಿಂತಿರುವ ಜಾಗವೊಂದೇ.

ಎರಡು ಸಲ ವಾಪಸ್ಸು ಬಂದರೂ ಇನ್ನೂ ತಮ್ಮ ವಿಶ್ವಾಸಿಯೇ ಆಗಿರುವ,
ಆರ್ಕಿಟೆಕ್ಟ್

ವಿ.ಸೂ.: ಈ ಪತ್ರಕ್ಕೂ ಉತ್ತರ ಕಣ್ಣು ಮಿಟುಕಿಸುವುದರೊಳಗೆ ಬರುತ್ತದೆಂದು ಬಲ್ಲೆ. ನಮ್ಮ ಅಧಿಕಾರಿಗಳು ಓದದೆ ವರ್ಷಗಟ್ಟಲೆ ಇಟ್ಟುಕೊಳ್ಳುತ್ತಾರೆ. ಓದದೆ ತಕ್ಷಣ ಕಳಿಸಿಬಿಡುವ ತಮ್ಮ ದಕ್ಷತೆ ಅವರಿಗೆ ಬರಲು ಇನ್ನೂ ಒಂದು ತಲೆಮಾರು ಬೇಕು. ಇದು ಬಹಿರಂಗ ಪತ್ರವಾದ್ದರಿಂದ ತಮ್ಮ ಊರಿನಲ್ಲಿ ಇನ್ನೊಬ್ಬಳು ಇದನ್ನು ಓದುವ ಸಂಭವವಿದೆ. ಕೊನೆಯ ಸಾಲು ಅವಳಿಗೆ, ತಾವು ದಯವಿಟ್ಟು ಆಚೆ ತಿರುಗಿ. ಅಲ್ಲ ಕಣೇ, ಆ ಸ್ಟೂಲು ಅಲುಗಾಡೋದಿಲ್ಲ ತಾನೇ?