ಅತ್ತೆಗೆ ಮಾಡಿದ ಸೇಬಿನ ಕಡುಬು

ನಗಬಾರದ ಹೊತ್ತಿನಲ್ಲೇ ನಗು ಬರಬೇಕು ಅಂತ ನಮ್ಮ ಮನೆಯ ಹಣೆಯಲ್ಲಿ ಬರೆದಿದೆ. ಮದುವೆ, ನಾಮಕರಣಗಳಲ್ಲಿ ನಮ್ಮವರೆಲ್ಲ ಮುಖ ಗಂಟು ಹಾಕಿಕೊಂಡು ಕೂತಿರುತ್ತಾರೆ. ಯಾರಾದರೂ ಹಾಸಿಗೆ ಹಿಡಿದರೆ ಮಾತ್ರ ನಗಿಸುವ ಪ್ರಸಂಗಗಳು ಒಂದರ ಹಿಂದೆ ಒಂದು ಶುರುವಾಗುತ್ತವೆ. ಹೋದ ವರ್ಷ ಹಾಸಿಗೆ ಹಿಡಿದವರು ನಮ್ಮ ಅತ್ತೆ.

ಹಾಗಲವಾಡಿಯಲ್ಲಿ ಲಕ್ವ ಹೊಡೆದ ಮೇಲೆ ಅವರನ್ನು ಬಟವಾಡಿಯ ನಮ್ಮ ಬಾಡಿಗೆ ಮನೆಗೆ ಕರೆತಂದೆವು. ನಡೆಯಲು ಆಗುತ್ತಿರಲಿಲ್ಲ. ಬಲಗೈ ಏನಾದರೂ ಕೊಟ್ಟರೆ ಹಿಡಿದುಕೊಳ್ಳುತ್ತಿತ್ತು, ಆದರೆ ಅನ್ನ ಕಲಸಿ ತುತ್ತು ಎತ್ತಲು ಹೋದರೆ ಎಲ್ಲ ಸೀರೆಯ ಮೇಲೆ. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ. ಚಮಚದಲ್ಲಿ ತಿನ್ನಿಸಲು ಹೋದರೆ "ನಾನೇನು ಕೂಸಾ?" ಅಂತ ಬಾಯಿ ಬಿಗಿದು ಗೋಡೆಯ ಕಡೆ ತಿರುಗಿಬಿಡುತ್ತಿದ್ದರು. ದಿನದಿಂದ ದಿನಕ್ಕೆ ಇಳಿದು ಹೋದರು. "ಹೀಗೇ ತಿನ್ನದೆ ಇದ್ರೆ ಮೂಗಿಗೆ ಪೈಪ್ ಹಾಕ್ಬೇಕಾಗತ್ತೆ ನೋಡಿ" ಅಂದರು ಡಾಕ್ಟರು. ಅತ್ತೆಗೆ ಅದು ಕೇಳಿಸಿತು. ಅವತ್ತು ರಾತ್ರಿ ಅವರು ಅತ್ತದ್ದು ನನಗೆ ಕೇಳಿಸಿತು.

ಊರು ಸುತ್ತಿದ ಸೇಬು

ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗಬಾರದು. ನಮ್ಮ ಕಡೆ ಹಾಗಂದರೆ ಸೇಬು ತೆಗೆದುಕೊಂಡು ಹೋಗಬೇಕು ಅಂತ ಅರ್ಥ. ಬಂದವರೆಲ್ಲ ದಿಂಬಿನ ಪಕ್ಕ ಸೇಬಿನ ಕವರ್ ಇಟ್ಟು, "ತಿನ್ನಿ ಅಜ್ಜಿ, ಶಕ್ತಿ ಬರ್ತದೆ" ಅನ್ನುವರು. ಬಾಯಲ್ಲಿ ಒಂದು ಹಲ್ಲೂ ಇಲ್ಲದ ಅತ್ತೆ, "ಜೊತೆಗೆ ಹಲ್ಲೂ ತಂದಿದ್ರೆ ಚೆನ್ನಾಗಿತ್ತು" ಅನ್ನುವರು.

ಸೇಬು ಖರ್ಚಾಗದೆ ಒಂದು ಚೀಲ ತುಂಬಿಕೊಂಡು ಗುಬ್ಬಿಗೆ ಹೋದೆ. ಅಲ್ಲಿ ನಮ್ಮ ಮನೆಯವರ ಸೋದರಮಾವ ಕಾಲು ಮುರಿದುಕೊಂಡು ಮಲಗಿದ್ದರು. ಅವರ ದಿಂಬಿನ ಪಕ್ಕ ಚೀಲ ಇಟ್ಟು, "ತಿನ್ನಿ ಮಾವ, ಶಕ್ತಿ ಬರ್ತದೆ" ಅಂದು ಹಗುರವಾಗಿ ವಾಪಸ್ಸು ಬಂದೆ.

ಮುಂದಿನ ಭಾನುವಾರ ಕುಣಿಗಲ್ಲಿನಿಂದ ನನ್ನ ನಾದಿನಿ ಬಂದಳು. ಕೈಯಲ್ಲಿ ಸೇಬಿನ ಚೀಲ. ಅದರ ಹಿಡಿ ಕಿತ್ತು ಬಂದಾಗ ಹಸಿರು ದಾರದಲ್ಲಿ ಹೊಲಿದವಳು ನಾನೇ. ವಾರದ ನಡುವೆ ಅವಳು ಗುಬ್ಬಿಗೆ ಹೋಗಿದ್ದಳಂತೆ, ಅವಳ ಅತ್ತೆ-ಮಾವನಿಗೆ ಅಂತ ಸೋದರಮಾವನ ಮನೆಯಲ್ಲಿ ಅದನ್ನು ಕೊಟ್ಟು ಕಳಿಸಿದ್ದರಂತೆ. ಅವಳ ಅತ್ತೆ-ಮಾವನಿಗೂ ಹಲ್ಲಿಲ್ಲ. "ಯಾಕೆ ತೊಂದ್ರೆ ತಗೊಂಡ್ಯೇ?" ಅಂದೆ, ಇನ್ನೇನು ಅನ್ನಲಿ.

ಅತ್ತೆ ಮಲಗಿದಲ್ಲಿಂದಲೇ ಆ ಹಸಿರು ದಾರ ನೋಡಿದರು. "ಗುಬ್ಬಿ, ಕುಣಿಗಲ್ಲು ಎಲ್ಲಾ ಸುತ್ಕೊಂಡು ಬಂತಾ? ನನಗಿಂತ ಅದೇ ವಾಸಿ ಬುಡು, ಓಡಾಡ್ಕೊಂಡದೆ."

ಪಾರ್ಸಲ್

ಪಕ್ಕದ ಮನೆಯ ಆಪಾ ನಮ್ಮ ಅಡುಗೆಮನೆಯಲ್ಲಿ ಸುಕ್ಕಾಗುತ್ತಿದ್ದ ಸೇಬಿನ ರಾಶಿ ನೋಡಿ ಬೈದರು. "ಅಂಗಡೀಲಿ ಫ್ರಿಜ್ಜಲ್ಲಿಟ್ಟ ಪರೋಟ ಪ್ಯಾಕೆಟ್ ಸಿಗ್ತದಲ್ಲ, ತಗೊಂಡ್ ಬಾ. ಸೇಬು ಸಣ್ಣಗೆ ಹೆಚ್ಚು, ಸಕ್ಕರೆ, ಚಕ್ಕೆ ಪುಡಿ ಹಾಕಿ ಬೇಯ್ಸು. ಪರೋಟ ಮಧ್ಯ ಇಟ್ಟು ಮಡಚಿ, ಅಂಚಿಗೆ ಫೋರ್ಕ್ ಒತ್ತಿ, ಹಂಚಿನ ಮೇಲಿಟ್ಟು ಮುಚ್ಚಳ ಮುಚ್ಚು. ಅಷ್ಟೇನಮ್ಮ. ಅಜ್ಜಿ ಕೈಲಿ ಹಿಡ್ಕೊಂಡೇ ತಿನ್ತಾರೆ."

ಕೈಲಿ ಹಿಡ್ಕೊಂಡೇ ತಿನ್ತಾರೆ. ಆ ಮಾತು ನನ್ನ ಎದೆಗೆ ನಾಟಿತು. ಚಮಚ ಬೇಡ, ಕಲಸುವುದು ಬೇಡ. ಅವತ್ತೇ ಪ್ಯಾಕೆಟ್ ತಂದೆ.

ಮೊದಲ ಕಡುಬು ಹಂಚಿನಿಂದ ಇಳಿಯುವ ಹೊತ್ತಿಗೆ ನಮ್ಮ ಮನೆಯವರ ಆಫೀಸಿನ ಸಾಹೇಬರು ಅತ್ತೆಯನ್ನು ನೋಡಲು ಬಂದರು, ಸೇಬು ಸಮೇತ. ಬಂದವರಿಗೆ ಕೊಡದೆ ಇರುವುದು ಹೇಗೆ? ತಟ್ಟೆಯಲ್ಲಿಟ್ಟು ಕೊಟ್ಟೆ. ಅವರು ಕಚ್ಚಿದರು, ಎಳೆದರು, ಇನ್ನೂ ಎಳೆದರು. ಕಡುಬಿನ ಒಳಗಿಂದ ಸೇಬಿನ ಹೂರಣ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಕೊಂಡು ಹಾಗೇ ಹೊರಗೆ ಬಂತು. ಒಂದಕ್ಕೊಂದು ಅಂಟದಿರಲಿ ಅಂತ ಪರೋಟಗಳ ನಡುವೆ ಹಾಕಿರುತ್ತಾರಲ್ಲ, ಆ ಹಾಳೆಯನ್ನು ನಾನು ತೆಗೆದೇ ಇರಲಿಲ್ಲ.

ಸಾಹೇಬರು ಅದನ್ನು ಬೆಳಕಿಗೆ ಹಿಡಿದು ನೋಡಿ ಮೆಲ್ಲಗೆ ಅಂದರು, "ಪಾರ್ಸಲ್ ಬೇಡಮ್ಮ, ನಾನು ಇಲ್ಲೇ ತಿಂತೀನಿ."

ನಾದುವ ಸದ್ದು

ಎರಡನೇ ಸಲ ಹಾಳೆ ತೆಗೆದು ಮಾಡಿದೆ. ಪದರ ಪದರವಾಗಿ, ಹಲ್ಲಿಲ್ಲದ ಬಾಯಲ್ಲೂ ಕರಗುವ ಹಾಗೆ ಬಂತು. ಅತ್ತೆಯ ಕೈಗೆ ಕೊಟ್ಟೆ. ಹಿಡಿದುಕೊಂಡರು, ಬಾಯಿಯ ತನಕ ಎತ್ತಿದರು, ನಿಲ್ಲಿಸಿದರು.

"ಹಿಟ್ಟು ಯಾರು ಕಲಸಿದ್ದು?"

ನನ್ನ ಗಂಡನಿಗೆ ಸುಳ್ಳು ಹೇಳಲು ಬರುವುದಿಲ್ಲ. ಬರಬೇಕಾದ ಹೊತ್ತಿನಲ್ಲಂತೂ ಬರುವುದೇ ಇಲ್ಲ. "ಅಂಗಡೀದಮ್ಮ" ಅಂದರು.

ಅತ್ತೆ ಕಡುಬು ಕೆಳಗಿಟ್ಟರು. "ಯಾರು ಕಲಸಿದ್ದೋ, ಯಾವತ್ತು ಕಲಸಿದ್ದೋ. ನಮ್ಮನೇಲಿ ನಿನ್ನೆ ಹಿಟ್ಟು ಹಸೂಗೆ ಹಾಕ್ತಿದ್ವಿ. ಹೋಗು, ಹಸೂಗೆ ಹಾಕು."

ಮಾರನೆಯ ದಿನ ನಾನೇ ಮೈದಾ ಕಲಸಿದೆ. ಅದು ಎಂಥ ಕಡುಬಾಯಿತು ಅಂದರೆ, ಎಲ್ಲ ಹಲ್ಲೂ ಗಟ್ಟಿಯಿದ್ದ ನನ್ನ ಗಂಡನೇ ಅರ್ಧಕ್ಕೆ ಸೋತರು. ಇನ್ನು ಉಳಿದದ್ದು ಒಂದೇ ದಾರಿ. ಅತ್ತೆಯ ಮಂಚ ಅಡುಗೆಮನೆಯ ಗೋಡೆಗೆ ತಾಗಿಕೊಂಡೇ ಇತ್ತು. ಮಲಗಿದಲ್ಲಿಂದ ಅವರಿಗೆ ಅಡುಗೆಮನೆಯೊಳಗೆ ಏನೂ ಕಾಣುವುದಿಲ್ಲ, ಎಲ್ಲ ಕೇಳುತ್ತದೆ. ಅಂಗಡಿಯ ಪರೋಟವನ್ನು ಸದ್ದಿಲ್ಲದೆ ಬಿಡಿಸಿಟ್ಟು, ಖಾಲಿ ಸ್ಟೀಲ್ ತಟ್ಟೆ ಮುಂದಿಟ್ಟುಕೊಂಡು ಮುಷ್ಟಿಯಲ್ಲಿ ಗುದ್ದತೊಡಗಿದೆ. ನಡುನಡುವೆ ಬಳೆ ಆಡಿಸಿದೆ, ಲಟ್ಟಣಿಗೆ ಕುಟ್ಟಿದೆ, ಸುಸ್ತಾದವಳ ಹಾಗೆ ಉಸಿರು ಬಿಟ್ಟೆ.

"ಇನ್ನೂ ನಾದು" ಅಂತ ಗೋಡೆಯ ಆಚೆಯಿಂದ ಅಪ್ಪಣೆ ಬಂತು. "ಅಷ್ಟಕ್ಕೇ ಸುಸ್ತಾದ್ಯಾ?"

ಇನ್ನೂ ನಾದಿದೆ. ಬೆವರು ಇಳಿಯಿತು. ಅವತ್ತು ಅತ್ತೆ ಇಡೀ ಕಡುಬು ತಿಂದರು, ತಮ್ಮ ಕೈಯಿಂದ ತಾವೇ. ಅಲ್ಲಿಂದ ಅದು ದಿನಚರಿಯಾಯಿತು. ನಾನು ಅಡುಗೆಮನೆಯಲ್ಲಿ ಖಾಲಿ ತಟ್ಟೆ ಗುದ್ದುವುದು, ಅವರು ಗೋಡೆಯ ಆಚೆ ತಪ್ಪು ಹುಡುಕುವುದು. ಪೈಪಿನ ಮಾತನ್ನು ಡಾಕ್ಟರು ಮತ್ತೆ ಎತ್ತಲಿಲ್ಲ.

ಒಂದು ದಿನ ಹೀಗೇ ಗುದ್ದುತ್ತಾ ಇದ್ದಾಗ ನನಗೆ ಇದ್ದಕ್ಕಿದ್ದಂತೆ ಅಳು ಬಂತು. ಯಾಕೆ ಅಂತ ಹೇಳಲಾರೆ, ಆ ದಿನಗಳಲ್ಲಿ ಅಳುವುದಕ್ಕೆ ಕಾರಣ ಬೇಕಿರಲಿಲ್ಲ. ಅಳುತ್ತಲೇ ಗುದ್ದಿದೆ. ಹಿತ್ತಲ ಬಾಗಿಲಲ್ಲಿ ಬಂದು ನಿಂತಿದ್ದ ಆಪಾ ನನ್ನ ಮುಖ ನೋಡಿದರು, ಖಾಲಿ ತಟ್ಟೆ ನೋಡಿದರು, ಹಾಗೇ ಹಿಂದಕ್ಕೆ ಹೆಜ್ಜೆಯಿಟ್ಟು ಹೊರಟುಹೋದರು.

ಸಂಜೆ ನಮ್ಮ ಮನೆಯವರನ್ನು ಗೇಟಿನಲ್ಲೇ ತಡೆದು ಹೇಳಿದರಂತೆ. "ಅಣ್ಣ, ಅಜ್ಜಿ ಹುಷಾರಾಗ್ತಾವ್ರೆ. ಮೊದ್ಲು ನಿಮ್ ಮನೆಯವ್ರನ್ನ ಡಾಕ್ಟರಿಗೆ ತೋರ್ಸಿ."

ಕೊನೆಯ ಮಾತು

ಅತ್ತೆ ಹುಷಾರಾಗಲಿಲ್ಲ. ಎರಡನೇ ಸಲ ಲಕ್ವ ಹೊಡೆದು ಆಸ್ಪತ್ರೆ ಸೇರಿದರು, ಆ ವಾರವೇ ಹೋಗಿಬಿಟ್ಟರು. ಇದು ಅದಕ್ಕೆ ಸ್ವಲ್ಪ ಮುಂಚಿನ ಮಾತು.

ಗುಬ್ಬಿ, ಕುಣಿಗಲ್ಲು, ಹಾಗಲವಾಡಿಯ ನೆಂಟರೆಲ್ಲ ವಾರ್ಡಿನಲ್ಲಿ ಸೇರಿದ್ದರು. ನಮ್ಮ ನೆಂಟರು ಸೇರಿದ ಕಡೆ ಸಂತೆಯಷ್ಟು ಗದ್ದಲ. ನರ್ಸಮ್ಮ ಬಂದು ಬಂದು ಬೈದು ಸಾಕಾಗಿದ್ದಳು. ಮಂಚದ ಕೆಳಗೆ ಎಂದಿನಂತೆ ಸೇಬು.

ಅತ್ತೆ ಬೆರಳು ಆಡಿಸಿ ನನ್ನನ್ನು ಕರೆದರು. "ಯಡಿಯೂರು ದೇವ್ರ ಹರಕೆ ಏನೋ ಬಾಕಿ ಇರ್ಬೇಕು, ಕೇಳಿ ಅತ್ತಿಗೆ" ಅಂತ ನಾದಿನಿ ನನ್ನನ್ನು ಮುಂದೆ ತಳ್ಳಿದಳು. ಬಗ್ಗಿ ಕಿವಿ ಕೊಟ್ಟೆ.

"ನಾದೋ ಹಿಟ್ಟು ಸದ್ದು ಮಾಡಲ್ಲ ಕಣೇ" ಅಂದರು ಅತ್ತೆ, ತಡವರಿಸಿಕೊಂಡು. "ನೀನು ಬರೀ ತಟ್ಟೆ ಬಡೀತಿದ್ದೆ. ಮೊದಲ್ನೇ ದಿನಾನೇ ಗೊತ್ತಾಯ್ತು."

"ಮತ್ಯಾಕೆ ತಿಂದ್ರಿ?"

"ಹಂಗೆ ಗುದ್ದಾಡ್ತಿದ್ಯಲ್ಲೇ, ತಿನ್ನದೆ ಇರಾಕಾಗ್ತದಾ? ಕೈ ನೋಯ್ತಿತ್ತೇನೋ."

ಸುತ್ತ ನಿಂತವರೆಲ್ಲ ಒಂದೇ ಸಮನೆ, "ಏನಂದ್ರು? ಏನಂದ್ರು?" ಅಂತ ಕೇಳುತ್ತಿದ್ದರು. ಅವರಿಗೆ ಅದನ್ನು ಹೇಳಲು ನನಗೆ ಮನಸ್ಸಾಗಲಿಲ್ಲ.

"ಯಾರೂ ಸದ್ದು ಮಾಡಬಾರದಂತೆ" ಅಂದೆ.

ಕೊನೆಯ ಆಸೆಯಲ್ಲವೇ, ಎಲ್ಲರೂ ಗಪ್ಪಾದರು. ನಾನು ಮದುವೆಯಾಗಿ ಬಂದ ಮೇಲೆ ನಮ್ಮ ನೆಂಟರು ಒಟ್ಟಿಗೆ ಬಾಯಿ ಮುಚ್ಚಿದ್ದು ಅದೇ ಮೊದಲು. ಆ ಮೌನ ಕೇಳಿ ಕಾರಿಡಾರಿನ ಆ ತುದಿಯಿಂದ ನರ್ಸಮ್ಮ ಗಾಬರಿಯಿಂದ ಓಡಿ ಬಂದಳು. ಅತ್ತೆ ಹೋಗೇಬಿಟ್ಟರು ಅಂದುಕೊಂಡು, ಮುಖ ಮುಚ್ಚಲು ಹೊದಿಕೆಯ ಅಂಚಿಗೆ ಕೈ ಹಾಕಿದಳು.

ಅತ್ತೆ ಒಂದು ಕಣ್ಣು ತೆರೆದರು. "ಇನ್ನೂ ಹೋಗಿಲ್ಲ ಕಣವ್ವ" ಅಂದರು. "ಬಂದಿದೀಯಲ್ಲ, ಒಂದು ಸೇಬು ತಗೊಂಡೋಗು."