ಮೆಲ್ಲಣ್ಣನ ಕಾರು ಗುಡುಗಿದ್ದು

ಎಲ್ಲ ಶುರುವಾದದ್ದು ಆಫೀಸಿನ ಗ್ರೂಪ್ ಫೋಟೋದಿಂದ. ಸಿಬ್ಬಂದಿಯೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ನಿಂತಿದ್ದರು. ಸಾಹೇಬರು ಎಲ್ಲರ ಮೇಲೂ ಒಮ್ಮೆ ಕಣ್ಣು ಹಾಯಿಸಿ, ಎರಡನೇ ಸಾಲಿನ ತುದಿಯಲ್ಲಿದ್ದವನ ಮುಖವನ್ನು ಚೆನ್ನಾಗಿಯೇ ನೋಡಿ, "ಇನ್ನೊಬ್ಬರು ಬರಬೇಕಲ್ಲಾ? ಅದೇ ರೀ, ರೆಕಾರ್ಡ್ ರೂಮಿನವರು. ಯಾರಾದ್ರೂ ಹೋಗಿ ಕರೀರಿ" ಎಂದರು. ತುದಿಯಲ್ಲಿದ್ದವನು "ಸಾರ್, ಅದು ನಾನೇ" ಎಂದ. ಯಾರಿಗೂ ಕೇಳಿಸಲಿಲ್ಲ. ತುದಿಯಲ್ಲಿದ್ದಾನೆ, ಇಳಿಯುವುದು ಸುಲಭ ಎಂದು ಅವನನ್ನು ಹುಡುಕಲು ಅವನನ್ನೇ ಕಳಿಸಿದರು. ಅವನು ರೆಕಾರ್ಡ್ ರೂಮಿನ ತನಕ ಹೋಗಿ, ಅಲ್ಲಿ ಏನು ಮಾಡುವುದೆಂದು ತೋಚದೆ ವಾಪಸು ಬರುವಷ್ಟರಲ್ಲಿ ಫೋಟೋ ತೆಗೆದು ಆಗಿತ್ತು.

ಇವನೇ ನಮ್ಮ ಮೆಲ್ಲಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಅದನ್ನು ಕೂಗಿ ಕರೆಯುವ ಪ್ರಸಂಗ ಯಾರಿಗೂ ಬಾರದೆ ಅದು ಬಳಕೆ ತಪ್ಪಿಹೋಗಿತ್ತು. ಅವನ ಮಾತು ಮೆಲ್ಲಗೆ, ನಡಿಗೆ ಮೆಲ್ಲಗೆ, ಸೀನು ಬಂದರೂ ಅಕ್ಕಪಕ್ಕದವರ ಅಪ್ಪಣೆ ಪಡೆದಂತೆ ಮೆಲ್ಲಗೆ. ಅವನು ಮನೆಯೊಳಗೆ ಬಂದು ಕೂತ ಮೇಲೆ "ಇನ್ನೂ ಬರಲಿಲ್ಲವಲ್ಲ ಇವರು" ಎಂದು ಹೆಂಡತಿ ಬಾಗಿಲಲ್ಲಿ ನಿಂತು ಕಾದದ್ದೂ ಉಂಟು.

ಫೋಟೋ ತಪ್ಪಿದ ಸಂಜೆ ಅವನು ರಸ್ತೆ ದಾಟುತ್ತಿದ್ದಾಗ ಒಂದು ಕಾರು ಗುಡುಗಿಕೊಂಡು ಹೋಯಿತು. ರಸ್ತೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬೈದರು, ನಿಜ. ಆದರೆ ನೋಡಿದರು! ಮೆಲ್ಲಣ್ಣ ನಡುರಸ್ತೆಯಲ್ಲೇ ನಿಂತು ಆ ಕಾರು ಮರೆಯಾಗುವ ತನಕ ನೋಡಿದ. ಜೀವಮಾನದಲ್ಲಿ ಒಂದೇ ಒಂದು ಸಲ, ತಾನು ಬಂದೆನೆಂದು ತನ್ನ ಬೀದಿಯ ಬಾಗಿಲುಗಳು ತೆರೆಯಬೇಕು. ಇಷ್ಟೇ ಅವನ ಆಸೆ.

ಆಸೆಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಭಾಮೈದನಿಗೆ ಹೇಳಿದ. ಭಾಮೈದನಿಗೆ ಜಗತ್ತಿನ ಎಲ್ಲ ಯಂತ್ರಗಳ ವಿಷಯವೂ ಗೊತ್ತು, ಅವನು ಕೈಯಿಟ್ಟ ಮೇಲೆ ಅವು ಯಾಕೆ ಕೆಡುತ್ತವೆ ಎನ್ನುವುದೊಂದನ್ನು ಬಿಟ್ಟು.

"ಅಯ್ಯೋ ಭಾವ, ಇದಕ್ಕೆ ಇಷ್ಟು ಯೋಚನೇನಾ? ಕಾರಿನ ಕೆಳಗೆ ಸೈಲೆನ್ಸರ್ ಅಂತ ಒಂದು ಡಬ್ಬಿ ಇರುತ್ತಲ್ಲ, ಅದೇ ಎಂಜಿನ್ನಿನ ಬಾಯಿ ಮುಚ್ಚಿಸೋದು. ಅದನ್ನ ಕಿತ್ತು ಬಿಸಾಕಿ, ಎಲ್ಲೂ ಡೊಂಕಿಲ್ಲದ ನೆಟ್ಟನೆ ಪೈಪು ಹಾಕಿಸಿಬಿಡೋಣ. ನಿಮ್ಮ ಕಾರು ಆ ಬೀದೀಲಿ ತಿರುಗಿದ್ರೆ ಈ ಬೀದೀಲಿ ಪಾತ್ರೆ ಅಲ್ಲಾಡ್ತವೆ!"

ಹಾಗಾಗಿ ರಜೆಯ ದಿನ ಬೆಳಿಗ್ಗೆ ಮೆಲ್ಲಣ್ಣ ಕಾರು ತೆಗೆದ. ಹೆಂಡತಿಗೆ ಹೇಳಿದ, ಅವಳು ಮಿಕ್ಸಿ ಹಾಕಿದ್ದಳು. ಹೊರಗೆ ಬಂದು ನೋಡಿದರೆ, ಹೆಡ್‌ಮಾಸ್ತರಿಕೆ ಮುಗಿಸಿ ನಿವೃತ್ತರಾಗಿದ್ದ ಪಕ್ಕದ ಮನೆಯ ಮೇಷ್ಟ್ರು ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದರು.

"ಹೇಗೂ ಆ ಕಡೆ ಹೊರಟಿದ್ದೀರಲ್ಲ, ನನ್ನನ್ನ ಕ್ಷೌರದಂಗಡಿ ಹತ್ತಿರ ಬಿಡಿ" ಎಂದರು. ಯಾವ ಕಡೆ ಎಂದು ಮೆಲ್ಲಣ್ಣ ಇನ್ನೂ ಬಾಯಿಯೇ ಬಿಟ್ಟಿರಲಿಲ್ಲ. ದಾರಿಯಲ್ಲಿ ಭಾಮೈದ ಹತ್ತಿಕೊಂಡು ವಿಷಯವನ್ನೆಲ್ಲ ಒದರಿದ ಮೇಲೆ ಮೇಷ್ಟ್ರು ಕ್ಷೌರದಂಗಡಿ ಬಂದರೂ ಇಳಿಯಲಿಲ್ಲ. "ಕೂದಲು ಎಲ್ಲಿ ಓಡಿಹೋಗುತ್ತೆ? ಯಾರಾದರೂ ತಿಳಿದವರು ಜೊತೆಗಿರದೆ ಇಂಥ ಕೆಲಸ ಮಾಡಿಸಬಾರದು."

ಮೆಕ್ಯಾನಿಕ್ಕಿನ ಶೆಡ್ಡು ಊರಾಚೆ, ಗೋದಾಮುಗಳ ಹಿಂದೆ ಇತ್ತು. ಆತನನ್ನು ಎಲ್ಲರೂ 'ಆಗುತ್ತೆ' ಎಂದೇ ಕರೆಯುತ್ತಿದ್ದರು. ಏನು ಕೇಳಿದರೂ ಆತನ ಉತ್ತರ ಅದೊಂದೇ. ಆಗುತ್ತೆ ಬಾನೆಟ್ ಎತ್ತಿ, ಕಾರಿನ ಕೆಳಗೆ ಮಲಗಿ, ಮತ್ತೆ ಎದ್ದು, ಬ್ಯಾಟರಿಯ ತಲೆಯ ಮೇಲೆ ಸ್ಪ್ಯಾನರಿನಿಂದ ಕುಟ್ಟಿದ.

"ಪೈಪು ನೆಟ್ಟಗೆ ಬರಬೇಕಂದ್ರೆ ಇಲ್ಲೇ ಹಾಯಬೇಕು ಸ್ವಾಮಿ. ಇಲ್ಲಿ ಇದು ಕೂತಿದೆ. ಪೈಪಿನ ಕಾವಿಗೆ ಬ್ಯಾಟರಿ ಬೆಂದುಹೋಗುತ್ತೆ."

"ಹಾಗಾದ್ರೆ ಆಗಲ್ಲ ಅನ್ನಿ" ಎಂದ ಮೆಲ್ಲಣ್ಣ. ಅವನಿಗೆ ಒಳಗೊಳಗೇ ಸ್ವಲ್ಪ ಸಮಾಧಾನವೂ ಆಗಿತ್ತು.

"ಆಗುತ್ತೆ ಸ್ವಾಮಿ, ಯಾಕಾಗಲ್ಲ? ಬ್ಯಾಟರೀನೇ ಬೇರೆ ಕಡೆ ಕೂರಿಸೋಣ."

"ಪೈಪನ್ನೇ ಒಂಚೂರು ಬಗ್ಗಿಸಿದ್ರೆ?"

"ಬಗ್ಗಿಸಿದ್ರೆ ಅದು ನೆಟ್ಟನೆ ಪೈಪು ಹೇಗಾಗುತ್ತೆ ಭಾವ?" ಎಂದು ಭಾಮೈದ ನೊಂದುಕೊಂಡ.

ಬ್ಯಾಟರಿ ಎಲ್ಲಿ ಕೂರಬೇಕೆಂಬ ಚರ್ಚೆ ಶುರುವಾಯಿತು. ಡ್ರೈವರಿನ ಸೀಟಿನ ಕೆಳಗೆ ಎಂದ ಭಾಮೈದ. ಆಸಿಡ್ ಇರುವ ವಸ್ತುವನ್ನು ಮನುಷ್ಯನ ಆಸನದ ಕೆಳಗೆ ಇಡಬಾರದು, ಗಾಳಿ ಬೆಳಕು ಇರುವ ಕಡೆ, ಅಂದರೆ ಕಾರಿನ ತಲೆಯ ಮೇಲೆ ಇಡಬೇಕು ಎಂದರು ಮೇಷ್ಟ್ರು. ಕಾರು ಯಾರದೋ ಅವನನ್ನು ಯಾರೂ ಕೇಳಲಿಲ್ಲ. ಕೊನೆಗೆ ಆಗುತ್ತೆ ಎಲ್ಲರನ್ನೂ ಆಚೆ ಸರಿಸಿ, ಡಿಕ್ಕಿಯಲ್ಲಿದ್ದ ಸ್ಟೆಪ್ನಿ ಚಕ್ರವನ್ನು ತೆಗೆದು ಹಿಂದಿನ ಸೀಟಿಗೆ ದಬ್ಬಿ, ಖಾಲಿಯಾದ ಜಾಗದಲ್ಲಿ ಬ್ಯಾಟರಿ ಇಟ್ಟ. ಅಲ್ಲಿಂದ ಎಂಜಿನ್ನಿನ ತನಕ ದಪ್ಪ ಕೇಬಲ್ಲು ಎಳೆಯಬೇಕಾಯಿತು. ಅದಕ್ಕಾಗಿ ನೆಲದ ಹಾಸು ಕಿತ್ತರು, ಸೀಟು ಕಿತ್ತರು, ಕೀಳಬೇಕಾಗಿಲ್ಲದ ಇನ್ನೂ ಒಂದಷ್ಟನ್ನು ಭಾಮೈದ ಕಿತ್ತ. ಮಧ್ಯಾಹ್ನದ ಹೊತ್ತಿಗೆ ಕಾರು ಮನೆ ಬದಲಾಯಿಸುವವರ ಜಗುಲಿಯಂತೆ ಕಾಣುತ್ತಿತ್ತು.

ಪೈಪು ಬೆಸುಗೆಯಾಯಿತು. ಸೀಟುಗಳು ವಾಪಸು ಕೂತವು. ಬ್ಯಾಟರಿಗೆ ಕೇಬಲ್ಲು ಬಿಗಿಯುವುದೊಂದು ಬಾಕಿ ಎಂದು ಆಗುತ್ತೆ ಸ್ಪ್ಯಾನರು ತರಲು ಒಳಗೆ ಹೋದ. ಅಷ್ಟು ಹೊತ್ತೂ ತೆರೆದಿದ್ದ ಡಿಕ್ಕಿಯನ್ನು ಮೇಷ್ಟ್ರು ಧಡಾರನೆ ಮುಚ್ಚಿದರು.

"ಮೇಷ್ಟ್ರೇ!" ಎಂದು ಭಾಮೈದ ಚೀರಿದ.

"ಯಾವುದನ್ನಾದ್ರೂ ತೆರೆದರೆ ಮುಚ್ಚೋದನ್ನ ಕಲೀಬೇಕಪ್ಪ. ಶಾಲೇಲಿ ಇದನ್ನೇ ಹೇಳಿ ಹೇಳಿ ನನ್ನ ಗಂಟಲು ಹೋಗಿದ್ದು."

ವಿಷಯ ಏನೆಂದರೆ, ಆ ಡಿಕ್ಕಿಗೆ ಬೀಗದ ಕೈಯ ತೂತೇ ಇರಲಿಲ್ಲ. "ಕೀಲಿ ಹಾಕೋದೆಲ್ಲ ಯಾವ ಕಾಲದ್ದು ಭಾವ" ಎಂದು ಹಿಂದೊಮ್ಮೆ ಭಾಮೈದನೇ ಅದನ್ನು ಮುಚ್ಚಿಸಿ ಕರೆಂಟಿನ ಗುಂಡಿ ಹಾಕಿಸಿದ್ದ. ಗುಂಡಿ ಒತ್ತಿದರೆ ಡಿಕ್ಕಿ ತೆರೆಯಬೇಕು. ಗುಂಡಿಗೆ ಕರೆಂಟು ಬ್ಯಾಟರಿಯಿಂದ ಬರಬೇಕು. ಬ್ಯಾಟರಿ ಡಿಕ್ಕಿಯೊಳಗಿತ್ತು, ಕೇಬಲ್ಲು ಬಿಚ್ಚಿಕೊಂಡು.

"ಅಂದ್ರೆ, ಡಿಕ್ಕಿ ತೆಗೀಬೇಕಂದ್ರೆ ಮೊದಲು ಡಿಕ್ಕಿ ತೆಗೀಬೇಕು" ಎಂದು ಮೇಷ್ಟ್ರು ಎಲ್ಲರಿಗೂ ಬಿಡಿಸಿ ಹೇಳಿದರು. ಮೆಲ್ಲಣ್ಣನಿಗೆ ಅವರ ಕುತ್ತಿಗೆ ಹಿಸುಕಬೇಕೆನ್ನಿಸಿತು. ಆದರೆ "ಪರವಾಗಿಲ್ಲ ಬಿಡಿ ಮೇಷ್ಟ್ರೇ" ಎಂದ. ಅದೂ ಅವರಿಗೆ ಕೇಳಿಸಲಿಲ್ಲ.

"ಈಗ ಇದು ಆಗುತ್ತಾ?" ಎಂದು ಭಾಮೈದ ಕೇಳಿದಾಗ ಆಗುತ್ತೆ ತಲೆ ಕೆರೆದುಕೊಂಡ. "ಆಗುತ್ತೆ ಸ್ವಾಮಿ. ಹಿಂದಿನ ಸೀಟಿನ ಬೆನ್ನು ಬಿಚ್ಚಿದ್ರೆ ಡಿಕ್ಕಿಗೆ ಒಂದು ಕಿಂಡಿ ಸಿಗುತ್ತೆ. ಯಾರಾದ್ರೂ ಸಣ್ಣಗಿರೋರು ತೂರಬೇಕು."

ಆಗುತ್ತೆಗೆ ಹೊಟ್ಟೆ ಅಡ್ಡ. ಮೇಷ್ಟ್ರಿಗೆ ಸೊಂಟನೋವು. ಭಾಮೈದ ಹೊಸ ಅಂಗಿ ಹಾಕಿದ್ದ. ಆ ದಿನ ಮೊಟ್ಟಮೊದಲ ಬಾರಿಗೆ ಮೂವರೂ ಒಟ್ಟಿಗೆ ಮೆಲ್ಲಣ್ಣನ ಕಡೆ ನೋಡಿದರು.

ಸೀಟಿನ ಬೆನ್ನು ಬಿಚ್ಚಿ, ಅವನನ್ನು ತಲೆ ಮುಂದಾಗಿ ತುರುಕಿದರು. ಸ್ಪ್ಯಾನರು ಕೈಯಲ್ಲಿ, ಮೊಬೈಲಿನ ಬೆಳಕು ಹಲ್ಲಿನ ನಡುವೆ, ಮೊಣಕಾಲು ಗದ್ದಕ್ಕೆ. ಬೆವರಿ, ತರಚಿಕೊಂಡು, ಒಂದು ಸಲ ಕಿಡಿ ಹಾರಿ ಹುಬ್ಬು ಸುಟ್ಟುಕೊಂಡು, ಅಂತೂ ಕೇಬಲ್ಲು ಬಿಗಿದ. "ಆಯ್ತು" ಎಂದ. ಮುಂದೆ ದೀಪ ಹತ್ತಿದ್ದನ್ನು ಕಂಡ ಆಗುತ್ತೆ ತಡಮಾಡದೆ ಕೀ ತಿರುಗಿಸಿದ.

ಕಾರು ಗುಡುಗಿತು! ತಗಡಿನ ಶೆಡ್ಡು ಅದುರಿತು. ಕತ್ತಲಲ್ಲಿ ಮುದುರಿ ಮಲಗಿದ್ದ ಮೆಲ್ಲಣ್ಣನ ಎದೆಯಲ್ಲೂ ಗುಡುಗಿತು. ಇದು ನನ್ನದು, ಈ ಸದ್ದು ನನ್ನದು ಎಂದುಕೊಂಡಾಗ ಅವನ ಕಣ್ಣು ತುಂಬಿಬಂತು. ಕಣ್ಣು ಒರೆಸಿಕೊಂಡು ಹೊರಗೆ ತೆವಳೋಣವೆಂದು ನೋಡಿದರೆ ಕಿಂಡಿಯೇ ಇರಲಿಲ್ಲ. ಕೆಲಸ ಮುಗಿಯಿತೆಂಬ ಹುರುಪಿನಲ್ಲಿ ಭಾಮೈದ ಸೀಟಿನ ಬೆನ್ನನ್ನು ಕೂರಿಸಿ ಬೋಲ್ಟು ಬಿಗಿದುಬಿಟ್ಟಿದ್ದ.

"ನಾನಿನ್ನೂ ಒಳಗಿದ್ದೀನಿ!" ಮೆಲ್ಲಣ್ಣ ಹುಟ್ಟಿದಾಗಿನಿಂದ ಇಷ್ಟು ಜೋರಾಗಿ ಕೂಗಿರಲಿಲ್ಲ. ನೆಟ್ಟನೆ ಪೈಪು ಅದನ್ನು ನುಂಗಿತು.

"ಭಾವ ಎಲ್ಲಿ?" ಎಂದು ಭಾಮೈದ ಮೇಷ್ಟ್ರ ಕಿವಿಯಲ್ಲಿ ಅರಚಿದ.

"ಮನೆಗೆ ಹೋಗಿರಬೇಕು!" ಎಂದು ಮೇಷ್ಟ್ರೂ ಅರಚಿದರು. "ಅವರು ಹೋಗೋದು ಬರೋದು ಯಾವತ್ತಾದ್ರೂ ಗೊತ್ತಾಗಿದೆಯಾ?"

ಮೂವರೂ ಕಾರು ಹತ್ತಿ ಟ್ರಯಲ್ಲಿಗೆ ಹೊರಟರು. ಹಳ್ಳ ಬಂದಾಗಲೆಲ್ಲ ಮೆಲ್ಲಣ್ಣ ಬ್ಯಾಟರಿಯ ಮೇಲೆ, ಬ್ಯಾಟರಿ ಮೆಲ್ಲಣ್ಣನ ಮೇಲೆ. ಕೇಬಲ್ಲು ಕಿತ್ತರೆ ಕಾರು ನಿಲ್ಲುತ್ತದೆಂದು ಅವನಿಗೆ ಹೊಳೆಯಿತು. ಕಿತ್ತ. ಒಮ್ಮೆ ಹೊರಟ ಎಂಜಿನ್ನಿಗೆ ಬ್ಯಾಟರಿಯ ಹಂಗಿಲ್ಲ ಎನ್ನುವುದು ಪಾಪ ಅವನಿಗೆ ಹೇಗೆ ಗೊತ್ತಿರಬೇಕು? ಕಾರು ನಿಲ್ಲಲಿಲ್ಲ. ಗೋದಾಮುಗಳನ್ನೆಲ್ಲ ಸುತ್ತುಹಾಕಿ ಶೆಡ್ಡಿಗೆ ಬಂದ ಮೇಲೆ ಆಗುತ್ತೆಯೇ ಅದನ್ನು ಆರಿಸಿದ. ಆಗ ಒಳಗಿನಿಂದ ಸ್ಪ್ಯಾನರಿನ ಬಡಿತ ಕೇಳಿಸಿತು.

"ಎಂಜಿನ್ ಬಡೀತಾ ಇದೆ" ಎಂದ ಭಾಮೈದ ತಜ್ಞನಂತೆ.

"ಎಂಜಿನ್ ಆಫ್ ಆಗಿದೆಯಲ್ಲಪ್ಪ!" ಎಂದರು ಮೇಷ್ಟ್ರು.

ಮೂವರೂ ಮುಖ ಮುಖ ನೋಡಿಕೊಂಡರು. ಭಾಮೈದ ಓಡಿಹೋಗಿ ಗುಂಡಿ ಒತ್ತಿದ. ಡಿಕ್ಕಿ ತೆರೆಯಲಿಲ್ಲ. "ಭಾವ! ಕೇಬಲ್ ಕಿತ್ತುಬಿಟ್ರಾ? ಎಂಥಾ ಕೆಲಸ ಮಾಡಿದ್ರಿ! ವಾಪಸ್ ಹಾಕಿ!" ಎಂದು ಗದರಿದ. ಮೆಲ್ಲಣ್ಣ ಒಳಗೆ ತಡಕಾಡಿ, ಇನ್ನೊಂದು ಹುಬ್ಬನ್ನೂ ಸುಟ್ಟುಕೊಂಡು ವಾಪಸು ಹಾಕಿದ. ಡಿಕ್ಕಿ ತೆರೆಯಿತು. ಮಸಿ ಬಳಿದ ಮುಖ, ಹರಿದ ಅಂಗಿ, ಹುಬ್ಬಿಲ್ಲದ ಹಣೆ ಮೇಲೆದ್ದು ಬಂದವು.

"ಅಲ್ರೀ, ಒಳಗಿದ್ದವರು ಒಂದು ಮಾತು ಹೇಳಬಾರದಾ?" ಎಂದರು ಮೇಷ್ಟ್ರು.

ಮೆಲ್ಲಣ್ಣ ಡಿಕ್ಕಿಯಿಂದ ಇಳಿದು, ಕೀ ಕಿತ್ತುಕೊಂಡು ಡ್ರೈವರಿನ ಸೀಟಿನಲ್ಲಿ ಕೂತ. ಭಾಮೈದ ಹತ್ತುವ ಮೊದಲೇ ಕಾರು ಬಿಟ್ಟ. ಮೇಷ್ಟ್ರು ಮಾತ್ರ ಹೇಗೋ ಹಿಂದಿನ ಸೀಟಿನಲ್ಲಿ ಕೂತಾಗಿತ್ತು, ಮಡಿಲಲ್ಲಿ ಸ್ಟೆಪ್ನಿ ಇಟ್ಟುಕೊಂಡು. ಇರಲಿ, ಏನಾದರೂ ಇರಲಿ. ಮೈಯೆಲ್ಲ ನೋಯುತ್ತಿತ್ತು. ಆದರೆ ಕಾಲ ಕೆಳಗೆ ಆ ಗುಡುಗು ಇತ್ತು, ಮುಂದೆ ತನ್ನ ಬೀದಿ ಇತ್ತು. ಪಟ್ಟ ಪಾಡೆಲ್ಲ ಇದೊಂದು ಗಳಿಗೆಗೆ ಎಂದು ಹಲ್ಲು ಕಚ್ಚಿದ.

ಇಳಿಹೊತ್ತಿನಲ್ಲಿ ಕಾರು ಬೀದಿಗೆ ತಿರುಗಿತು. ಮೆಲ್ಲಣ್ಣ ಕಾಲು ಅದುಮಿದ. ಗುಡುಗು ಗೋಡೆಯಿಂದ ಗೋಡೆಗೆ ಬಡಿದು ಬೀದಿಯ ಕೊನೆ ಮುಟ್ಟಿತು. ಮೊದಲು ಮೂಲೆ ಮನೆಯ ದರ್ಜಿಯ ಬಾಗಿಲು ತೆರೆಯಿತು. ಆಮೇಲೆ ಎದುರು ಮನೆಯದು. ಆಮೇಲೆ ಮಹಡಿಯದು. ಒಂದಾದ ಮೇಲೊಂದು ಎಡಬಲದ ಬಾಗಿಲುಗಳೆಲ್ಲ ತೆರೆದವು. ದಡದಡ ಮೆಟ್ಟಿಲಿಳಿಯುವ ಸದ್ದು, "ಬಂತು, ಬಂತು!" ಎಂಬ ಕೂಗು. ಜನ ಓಡಿಬರುತ್ತಿದ್ದರು, ಅವನ ಕಡೆಗೇ! ಮೆಲ್ಲಣ್ಣ ತನ್ನ ಮನೆ ಮುಂದೆ ಕಾರು ನಿಲ್ಲಿಸಿ, ಹರಿದ ಕಾಲರನ್ನು ಸರಿಮಾಡಿಕೊಂಡು, ಎದೆ ನೆಟ್ಟಗೆ ಮಾಡಿ ಇಳಿದ.

ಅವನ ಹೆಂಡತಿಯೂ ಓಡಿಬಂದಳು. ಅವಳ ಕೈಯಲ್ಲಿ ಕಸದ ಬುಟ್ಟಿ ಇತ್ತು.

"ರೀ, ಅಡ್ಡ ನಿಲ್ಬೇಡಿ, ಸರೀರಿ. ಕಸದ ಗಾಡಿ ಬಂತು!" ಎಂದು ಅವನ ಭುಜದ ಮೇಲಿಂದ ಬೀದಿಯ ಆಚೆ ತುದಿಗೆ ಇಣುಕಿದಳು.

ಮೆಲ್ಲಣ್ಣ ಸುತ್ತ ನೋಡಿದ. ದರ್ಜಿಯ ಕೈಯಲ್ಲಿ ಬುಟ್ಟಿ. ಎದುರು ಮನೆಯಾಕೆಯ ಕೈಯಲ್ಲಿ ಬಕೆಟ್ಟು. ಮಹಡಿಯವರು ಎರಡೂ ಕೈಯಲ್ಲಿ ಗಂಟು ಕಟ್ಟಿದ ಚೀಲ ಹಿಡಿದಿದ್ದರು. ಎಲ್ಲರೂ ಅವನಾಚೆಗೆ ಕತ್ತು ಉದ್ದ ಮಾಡಿ ನೋಡುತ್ತಿದ್ದರು.

"ವಾರದಿಂದ ಪತ್ತೆ ಇಲ್ಲ, ಇವತ್ತು ಅದರ ಗುಡುಗು ಕೇಳಿಸ್ತು ಅಂತ ಓಡಿಬಂದೆ. ಎಲ್ರೀ ಗಾಡಿ?" ಎಂದ ದರ್ಜಿ.

ಸ್ಟೆಪ್ನಿಯ ಹಿಂದಿನಿಂದ ಮೇಷ್ಟ್ರು ಕೈ ಎತ್ತಿದರು. "ಗಾಡಿ ಇದೇ! ನಾನೇ ಮುಂದೆ ನಿಂತು ಮಾಡಿಸಿದ್ದು!"

ಎಲ್ಲರೂ ಒಟ್ಟಿಗೇ ಮಾತಾಡಿದರು. ಮೂರು ಮಹಡಿ ಇಳಿದು ಬಂದಿದ್ದೀವಿ, ಇದನ್ನ ವಾಪಸ್ ಹೊತ್ಕೊಂಡು ಹೋಗಬೇಕಾ? ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ, ಅದಕ್ಕೆ ಯಾರು ಹೊಣೆ? ಮೆಲ್ಲಣ್ಣ "ಕ್ಷಮಿಸಿ" ಎಂದ. ಯಾರಿಗೂ ಕೇಳಿಸಲಿಲ್ಲ.

"ರೀ, ಹೇಗೂ ಎಲ್ಲರನ್ನೂ ಕರೆದಾಗಿದೆ. ಕಸ ಸುರಿಯೋ ಜಾಗಕ್ಕೆ ಒಂದು ಸಲ ಹೋಗಿ ಬಂದುಬಿಡಿ" ಎಂದು ಹೆಂಡತಿ ತೀರ್ಪು ಕೊಟ್ಟಳು. ಬೀದಿಗೆ ಅದು ಒಪ್ಪಿಗೆಯಾಯಿತು. ಡಿಕ್ಕಿ ತೆರೆದು ನೋಡಿದರು. ಅಲ್ಲಿ ಬ್ಯಾಟರಿ ಕೂತಿತ್ತು. "ಸೀಟಿನ ಮೇಲೆ ಇಡಿ, ಸಾಲಾಗಿ ಬನ್ನಿ, ನೂಕಬೇಡಿ" ಎಂದು ಮೇಷ್ಟ್ರು ಸ್ಟೆಪ್ನಿಯ ಸಮೇತ ಇಳಿದು ಜಾಗ ಬಿಟ್ಟುಕೊಟ್ಟರು. ಬುಟ್ಟಿ, ಬಕೆಟ್ಟು, ಚೀಲಗಳು ಹಿಂದಿನ ಸೀಟು ತುಂಬಿ ಮುಂದಿನ ಸೀಟಿಗೂ ಬಂದವು.

ಮೆಲ್ಲಣ್ಣ ಮೂಗು ಮುಚ್ಚಿಕೊಂಡು ಕಾರು ಹೊರಡಿಸಿದ. ಗುಡುಗು ಹಿಂದಿನ ಬೀದಿಗೆ ತಿರುಗಿತು. ಅಲ್ಲೂ ಬಾಗಿಲುಗಳು ತೆರೆಯತೊಡಗಿದವು. ಮೊದಲ ಮನೆಯ ಮುಂದೆ ಒಬ್ಬ ಮುದುಕಪ್ಪ ಬುಟ್ಟಿ ಹಿಡಿದು ನಿಂತಿದ್ದವನು ಒಂದು ಕೈಯೆತ್ತಿ ಅಡ್ಡ ಬಂದ. ಬಗ್ಗಿ, ಮಸಿಯಾದ ಆ ಮುಖವನ್ನು ಕಣ್ಣಿಟ್ಟು ನೋಡಿ, ಬಾಯಿತುಂಬ ನಕ್ಕ.

"ಬಂದೆಯಾ ನನ್ನಪ್ಪ! ಬೆಳಿಗ್ಗೆಯಿಂದ ನಿನ್ನ ದಾರೀನೇ ಕಾಯ್ತಾ ಕೂತಿದ್ದೆ."

ಮೆಲ್ಲಣ್ಣನ ದಾರಿಯನ್ನು ಇಲ್ಲಿಯ ತನಕ ಯಾರೂ ಕಾದಿರಲಿಲ್ಲ. ಅವನು ಇಳಿದು, ಮುದುಕಪ್ಪನ ಬುಟ್ಟಿ ಇಸಿದುಕೊಂಡು, ಹಿಂದಿನ ಬಾಗಿಲು ತೆರೆದ.