ಹೌಜಿನಲ್ಲಿ ಮುಳುಗಿದ ನಮ್ಮ ಓಣಿಯ ಪಾಳಿ

ನಳ ಕಾಯುವುದು ಸಾಮಾನ್ಯರ ಕೆಲಸ. ನಳ ಬಿಡುವವನನ್ನೇ ಕಾಯುವುದು ಬುದ್ಧಿವಂತರ ಕೆಲಸ! ಸವಣೂರಿನಲ್ಲಿ ಐವತ್ತಾರು ವರ್ಷ ನೀರು ಕುಡಿದ ಮೇಲೆ ನನಗೆ ಹೊಳೆದ ಈ ಮಹಾಸತ್ಯವನ್ನು ಕಳೆದ ಶನಿವಾರ ಕಾರ್ಯರೂಪಕ್ಕೆ ತಂದೆ. ಆಮೇಲೆ ಆದದ್ದನ್ನು ಕೇಳಿ ನೀವು ನಗಬಹುದು. ನನ್ನ ಸೊಂಟ ಮಾತ್ರ ಇನ್ನೂ ನಗುವ ಸ್ಥಿತಿಯಲ್ಲಿಲ್ಲ.

ನಮ್ಮ ಓಣಿಗೆ ಹತ್ತು ದಿನಕ್ಕೊಮ್ಮೆ ನಳ ಬರುತ್ತದೆ. ಹನ್ನೊಂದರಿಂದ ಒಂದು ಗಂಟೆಯವರೆಗೆ ನಮ್ಮ ಪಾಳಿ. ಗುಡ್ಡಪ್ಪ ಎಂಬಾತ ಎದೆಯೆತ್ತರದ ಕಬ್ಬಿಣದ ಚಾವಿಯನ್ನು ಹೆಗಲ ಮೇಲಿಟ್ಟುಕೊಂಡು ಬಂದು, ರಸ್ತೆಯ ಗುಂಡಿಯೊಳಗಿನ ವಾಲ್ವ್ ತಿರುಗಿಸಬೇಕು. ಆಗ ನೀರು! ಒಂದು ಗಂಟೆ ದಾಟಿತೆಂದರೆ ಟಾಕಿಯ ನೀರೆಲ್ಲ ಆಚೆಯ ಓಣಿಗಳಿಗೆ. ಅಲ್ಲಿಯ ಚಾವಿ ಬೇರೆ, ಆಸಾಮಿ ಬೇರೆ. ಪಾಳಿ ತಪ್ಪಿದವರು ಮತ್ತೆ ಹತ್ತು ದಿನ ಕಾಯಬೇಕು.

ಆ ಶನಿವಾರದ ಪಾಳಿಯಂತೂ ತಪ್ಪುವ ಹಾಗೇ ಇರಲಿಲ್ಲ. ಮಗಳು ಸುಹಾನಾ ಬಾಣಂತಿ. ಮರುದಿನ ಮೊಮ್ಮಗನಿಗೆ ಏಳನೇ ದಿನ, ತಲೆಗೂದಲು ತೆಗೆಸಿ ಹೆಸರಿಡುವ ಅಖೀಕಾ. ಊಟಕ್ಕೆ ಅರವತ್ತು ಜನ. ಮನೆಯ ಸಂಪಿನಲ್ಲಿ ಗೇಣು ನೀರು. ಮೇಲಾಗಿ ಆ ಕೂಸು ಹುಟ್ಟಿದಂದಿನಿಂದ ಮನೆಯಲ್ಲಿ ಯಾರಿಗೂ ನಿದ್ದೆ ಕೊಟ್ಟಿರಲಿಲ್ಲ. ನಾನು ನಿಂತಲ್ಲೇ ತೂಕಡಿಸುತ್ತಿದ್ದೆ.

ನನ್ನ ಹೆಂಡತಿ ಮುನವ್ವರಾ ಕರೆದಳು. ನಮ್ಮ ಮನೆಯಲ್ಲಿ ಪ್ರೀತಿಗೆ ಉರ್ದು, ಜಗಳಕ್ಕೆ ಕನ್ನಡ. ಓಣಿಯವರಿಗೂ ತಿಳಿಯಲಿ ಎಂದು! ಅಂದಿನ ಆಜ್ಞೆ ಕನ್ನಡದಲ್ಲೇ ಹೊರಬಿತ್ತು.

"ನೋಡ್ರಿ, ನೀವು ಪೆಂಡಾಲ್ ಹಾಕ್ಸೋದು ಬ್ಯಾಡ, ಸಂತಿ ಮಾಡೋದು ಬ್ಯಾಡ. ನಳದ ಮುಂದ ಕುಂತ್ರ ಸಾಕು. ನೀರು ಬಂದ ಕೂಡ್ಲೇ ಪೈಪು ಸಂಪಿಗೆ ಬಿಡ್ರಿ. ಅಷ್ಟಾಕೈತೇನು?"

"ಅಷ್ಟಾಕೈತೇನು ಅಂತ ನನ್ನ ಕೇಳ್ತಿ? ಮೂವತ್ತು ವರ್ಷ ಹೈಸ್ಕೂಲ್ ಆಫೀಸು ನಡಿಸೇನಿ ನಾನು!"

"ಅದಕ್ಕ ಕೇಳಾಕತ್ತೇನಿ."

ನಳದ ಮುಂದೆ ಕುಳಿತೆ. ಪಕ್ಕದಲ್ಲಿ ಹಿರೇಕೆರೂರಿನಿಂದ ಬಂದಿದ್ದ ಅವಳ ತಮ್ಮ ಅಸದ ಆಕಳಿಸುತ್ತ ಕುಳಿತಿದ್ದ. "ಭಾವ, ನಿಮ್ಮೂರಾಗ ನಳ ಬಿಟ್ರ ನೋಡುವಂಥದ್ದು ಮತ್ತೇನರ ಐತೇನು?" ಎಂದ.

ಅಭಿಮಾನಕ್ಕೆ ಪೆಟ್ಟು ಬಿತ್ತು! ಅಷ್ಟರಲ್ಲಿ ಹತ್ತು ಗಂಟೆಗೆ ಚಾವಿ ಹೊತ್ತು ಗುಡ್ಡಪ್ಪ ಎದುರಿಗೆ ಬಂದ. ನಮ್ಮ ಓಣಿಯ ಹಿಂದಿನ ಹಳೇ ಗೋಡೆಯ ಆಚೆ ನವಾಬರ ಕಾಲದ್ದೆಂದು ಹೇಳುವ, ನೆಲದಡಿಯ ದೊಡ್ಡ ನೀರಿನ ಹೌಜು ಇದೆ. ಅದರ ಗೇಟಿನ ಕೀಲಿಯೂ ಈ ಗುಡ್ಡಪ್ಪನ ಬಳಿಯೇ ಇರುತ್ತದೆ. ಆಗಲೇ ನನಗೆ ಆ ಮಹಾಸತ್ಯ ಹೊಳೆದದ್ದು. ನೀರು ಬಿಡುವವನೇ ನನ್ನ ಪಕ್ಕದಲ್ಲಿದ್ದರೆ ನನ್ನನ್ನು ಬಿಟ್ಟು ನೀರು ಎಲ್ಲಿಗೆ ಹೋದೀತು? ಹೌಜು ನೋಡಿದಂತೆಯೂ ಆಯಿತು, ನಳ ಕಾಯ್ದಂತೆಯೂ ಆಯಿತು!

"ಈಗ ಬ್ಯಾಡ್ರಿ ಸಾಹೇಬ್ರ, ನೀರು ಬಿಡೋದೈತಿ" ಎಂದ ಗುಡ್ಡಪ್ಪ.

"ಅರ್ಧಾ ತಾಸು ಗುಡ್ಡಪ್ಪ! ಹಿಂಗ ಹೋಗಿ ಹಂಗ ಬರೋದು. ಚಾ ಕುಡಸ್ತೇನಿ."

ಚಪ್ಪಲಿ ಕೈಯಲ್ಲಿ ಹಿಡಿದು, ಮುನವ್ವರಾಗೆ ಹೇಳದೆ ಇಬ್ಬರನ್ನೂ ಕರೆದುಕೊಂಡು ಹೊರಟೆ.

ಹೌಜಿಗೆ ಅರವತ್ತೆರಡು ಮೆಟ್ಟಿಲು. ಇಳಿಯುವಾಗಲೇ ಮೊಣಕಾಲು ದೂರು ಕೊಡಲು ಶುರುಮಾಡಿದವು. ಕೆಳಗೆ ಮಾತ್ರ ತಂಪೋ ತಂಪು! ಕಲ್ಲಿನ ಕಮಾನುಗಳು, ಹಸಿರು ನೀರು, ಸದ್ದಿಲ್ಲ. ಅಲ್ಲೇ ಚಾಪೆ ಹಾಸಿ ಮಲಗಿಬಿಡೋಣ ಅನ್ನಿಸಿತು. ಅಸದ ಒಂದು ಸುತ್ತು ನೋಡಿ, ಮೇಲಿನ ಮೆಟ್ಟಿಲಿಗೆ ಹೋಗಿ ಕುಳಿತ. ಕೆಳಗೆ ಪಿಸುಗುಟ್ಟಿದರೂ ಮೇಲೆ ಕೇಳಿಸುವ ಜಾಗವದು, ಹೀಗಾಗಿ ನನ್ನ ಉಪನ್ಯಾಸಕ್ಕೆ ಅಡ್ಡಿಯಾಗಲಿಲ್ಲ.

"ಅಸದ, ಆ ಗೂಡು ನೋಡು! ರಾಣಿಯರು ಜಳಕಕ್ಕ ಬಂದಾಗ ಅತ್ತರಿನ ದೀಪಾ ಹಚ್ಚತಿದ್ದ ಗೂಡದು!"

ಗುಡ್ಡಪ್ಪ ಮೆಲ್ಲಗೆ ಕೆಮ್ಮಿದ. "ಅಲ್ರಿ ಸಾಹೇಬ್ರ. ಅದು ನೀರು ಬಿಡಾಂವ ಕುಂದ್ರೋ ಜಾಗಾ."

"ನೀರು ಬಿಡಾಂವ? ಆಗಲೂ ಇದ್ನೇನು?"

"ಮತ್ತ? ಇಲ್ಲಿಂದ ಮಣ್ಣಿನ ಕೊಳವಿ ತಗ್ಗಿನ ಓಣಿ ಓಣಿಗೆ ಹೋಗಿದ್ವಂತ್ರಿ. ಈ ಕಲ್ಲಿನ ಬೆಣಿ ಕಿತ್ರ ಒಂದು ಓಣಿಗೆ, ಅದನ್ನ ಕಿತ್ರ ಇನ್ನೊಂದಕ್ಕ. ಪಾಳಿ ಪ್ರಕಾರ. ನಮ್ಮಜ್ಜಾ ಹೇಳ್ತಿದ್ದ."

ನನ್ನ ರಾಣಿಯರು ಅತ್ತರಿನ ಸಮೇತ ಹಾರಿಹೋದರು. ಆದರೆ ಇದು ಅದಕ್ಕಿಂತ ಸೊಗಸಾಗಿತ್ತು! ಬೆಣೆ ಎಷ್ಟು? ಕೊಳವೆ ಯಾವ ದಿಕ್ಕಿಗೆ? ಹೂಳು ತೆಗೆಯುತ್ತಿದ್ದವರು ಯಾರು? ಕೇಳಿದೆ, ಕೇಳಿದೆ, ಕೇಳುತ್ತಲೇ ಹೋದೆ. ನಡುವೆ ಗುಡ್ಡಪ್ಪ "ಹೊತ್ತಾತ್ರಿ" ಎಂದ. ಇನ್ನೊಮ್ಮೆ ಎಂದ. ಮತ್ತೊಮ್ಮೆಯೂ ಎಂದ. ಗೇಟಿಗೆ ಕೀಲಿ ಹಾಕದೆ ಅವನು ಹೋಗುವಂತಿಲ್ಲ, ನಾನು ಹೊರಡುವವನಲ್ಲ.

ಕೊನೆಗೆ ನಿಟ್ಟುಸಿರು ಬಿಟ್ಟು ಅವನು ಹೇಳಿದ: "ಸಾಹೇಬ್ರ, ಆಗಿನ ಕಾಲದಾಗ ಒಂದು ಕಾಯ್ದೆ ಇತ್ರಿ. ನೀರು ಬಿಡಾವನ್ನ ಮಾತಿಗೆ ಹಿಡಿದು ನಿಂದರಿಸಿ ಯಾರರ ಪಾಳಿ ತಪ್ಪಿಸಿದ್ರ, ಅವರು ಆ ಓಣಿಯ ಎಲ್ಲಾ ಮನಿಗೂ ತಾವ ನೀರು ಹೊರಬೇಕಿತ್ತು."

"ವಾಹ್!" ಎಂದು ನಾನು ಕೂಗಿದ ಕೂಗಿಗೆ ಬಾವಲಿಗಳು ಎದ್ದವು. "ಏನು ಶಿಸ್ತು! ಏನು ನ್ಯಾಯ! ಇಂಥಾ ಕಾಯ್ದೆ ಈಗ ಇರಬೇಕಿತ್ತು ನೋಡು!"

ಗುಡ್ಡಪ್ಪ ನನ್ನ ಮುಖವನ್ನೇ ನೋಡಿದ. ಆಮೇಲೆ ಚಾವಿ ಹೆಗಲಿಗೇರಿಸಿದ.

ಆಗ ಮೇಲಿನಿಂದ ಅಸದನ ಕೂಗು: "ಭಾವಾ, ಅಕ್ಕನ ಫೋನು!" ಅರವತ್ತೆರಡು ಮೆಟ್ಟಿಲು ಹತ್ತಿದೆ. ಮೇಲೆ ಮುಟ್ಟುವಾಗ ನನ್ನ ನಾಲಿಗೆ ಹೊರಗಿತ್ತು.

"ಎಲ್ಲದೀರಿ? ಹನ್ನೆರಡು ಆತು, ನಳ ಬಂದಿಲ್ಲ!"

"ಗು... ಗುಡ್ಡಪ್ಪನ್ನ ಹುಡುಕಾಕತ್ತೇನಿ!"

"ಅಷ್ಟರ ತಿಳೀತಲ್ಲ! ಸಿಕ್ರ ಕಾಲರ್ ಹಿಡಿದು ಎಳಕೊಂಡ ಬರ್ರಿ. ಎದುರುಮನಿ ಭರಮವ್ವ ಕೊಡಾ ಹಿಡಕೊಂಡು ವಾಲ್ವಿನ ಮ್ಯಾಲೆ ಕುಂತಾಳ."

ಗುಡ್ಡಪ್ಪನನ್ನು ಕರೆತರಲು ಮತ್ತೆ ಇಳಿದೆ. ಗುಡ್ಡಪ್ಪ ಚಾವಿ ಹೊತ್ತು ಆಗಲೇ ಹೊರಟಿದ್ದ. ತಪ್ಪು ಮಾಡಿದವನಿಗೆ ಸೇವಾಭಾವ ಜಾಸ್ತಿ ನೋಡಿ! "ಕೊಡಿಲ್ಲೆ, ನಾನ ಹೊರ್ತೇನಿ" ಎಂದು ಚಾವಿ ಕಸಿದುಕೊಂಡೆ. ಸುಮ್ಮನೆ ಮೆಟ್ಟಿಲು ಹತ್ತಬೇಕೋ ಬೇಡವೋ? ಕೊನೆಯ ಬಾರಿಗೆ ತಿರುಗಿ, ಆ ಚಾವಿಯನ್ನೇ ರಾಜದಂಡದಂತೆ ಎತ್ತಿ, "ಅಸದ, ಆ ಗೂಡನ್ನ ಮರೀಬ್ಯಾಡ!" ಎಂದೆ.

ಬೆವರಿದ ಕೈ. ಜಾರಿತು. ಗುಡುಂ!

"ಸಾಹೇಬ್ರ," ಎಂದ ಗುಡ್ಡಪ್ಪ, "ಓಣಿ ನೀರು ನೀರಾಗ ಬಿತ್ರಿ."

"ಇನ್ನೊಂದು ಚಾವಿ?"

"ಇದೊಂದ ಇರೋದು. ಪಾತಾಳಗರಡಿ ಬೇಕ್ರಿ ತಗ್ಯಾಕ."

ಬಾವಿಗೆ ಬಿದ್ದ ಕೊಡ ಎತ್ತುವ ಆ ಕೊಕ್ಕೆಗಳ ಗೊಂಚಲು ನಮ್ಮ ಓಣಿಯಲ್ಲಿ ಉಳಿದಿರುವುದು ಒಬ್ಬರ ಮನೆಯಲ್ಲಿ ಮಾತ್ರ. ಯಾರ ಮನೆ? ಭರಮವ್ವನ ಮನೆ!

ಮತ್ತೆ ಅರವತ್ತೆರಡು ಹತ್ತಿ ಫೋನು ಮಾಡಿದೆ. "ಮುನವ್ವರಾ, ಗುಡ್ಡಪ್ಪ ಸಿಕ್ಕಾನ."

"ಎಲ್ಲಿ?"

"ಹೌಜಿನಾಗ. ನನ್ನ ಕೂಡ. ಹತ್ತೂವರಿಯಿಂದ."

ಚಾವಿ ಬಿದ್ದದ್ದನ್ನೂ ಪಾತಾಳಗರಡಿ ಬೇಕಾದದ್ದನ್ನೂ ಒಂದೇ ಉಸಿರಿನಲ್ಲಿ ಒದರಿದೆ. ಆಚೆ ಕೂಸಿನ ಅಳು ಕೇಳಿಸಿತು, ಫೋನು ಕಟ್ಟಾಯಿತು.

ಕಾಲು ಗಂಟೆಯಲ್ಲಿ ಇಡೀ ಓಣಿ ಖಾಲಿ ಕೊಡಗಳ ಸಮೇತ ಹೌಜಿಗೆ ಇಳಿಯಿತು. ಮುಂದೆ ಭರಮವ್ವ, ಕೈಯಲ್ಲಿ ಪಾತಾಳಗರಡಿ. ನೀರಿಗೆ ಬಿಡುವ ಮುನ್ನ ಅದನ್ನೂ ನನ್ನನ್ನೂ ಒಮ್ಮೆ ನೋಡಿದಳು. ಯಾವುದಕ್ಕೆ ಕೊಕ್ಕೆ ಹಾಕುವುದೆಂದು ಯೋಚಿಸುತ್ತಿದ್ದಳೋ ಏನೋ! ಹಗ್ಗ ತಡಕಾಡಿ, ಜಾರಿ, ಮತ್ತೆ ತಡಕಾಡಿ ಅಂತೂ ಚಾವಿ ಮೇಲೆ ಬಂತು. ಗಡಿಯಾರ ನೋಡಿದೆ. ಒಂದೂ ಹತ್ತು.

ಮುನವ್ವರಾ ಬೈಯುತ್ತಾಳೆಂದು ಕಾಯ್ದೆ. ಬೈಯಲಿಲ್ಲ. ಕೂಸಿನ ಬಟ್ಟೆ ಇನ್ನೂ ಹೆಗಲ ಮೇಲಿತ್ತು. ಮೆಟ್ಟಿಲ ಮೇಲೆ ಕುಳಿತು, "ನಾಳೆ ಅರವತ್ತು ಮಂದಿ ಬರ್ತಾರ್ರಿ. ಸುಹಾನಾಗ ಜಳಕಕ್ಕೂ ನೀರಿಲ್ಲ" ಎಂದಳು, ಅಷ್ಟೇ. ಇಷ್ಟು ದಿನದ ದಣಿವೆಲ್ಲ ಆ ಮುಖದಲ್ಲಿತ್ತು. ಬೈದಿದ್ದರೆ ಸಹಿಸುತ್ತಿದ್ದೆ. ಇದನ್ನು ನೋಡಲಾಗದೆ ನಾಚಿಕೆಯಿಂದ ತಲೆ ತಗ್ಗಿಸಿದೆ.

ಆಗ ಮೇಲಿನ ಮೆಟ್ಟಿಲಿನಿಂದ ನನ್ನ ಪ್ರೀತಿಯ ಭಾವಮೈದುನ ಬಾಯಿಬಿಟ್ಟ: "ಅಕ್ಕಾ, ಇದಕ್ಕ ಹಳೇ ಕಾಯ್ದೆ ಒಂದೈತಿ. ಭಾವಗ ಬಾಳ ಸೇರೇತಿ!"

ಕಾಯ್ದೆಯನ್ನು ಅಸದ ವಿವರವಾಗಿ ಹೇಳಿದ. ನನ್ನ "ವಾಹ್" ಸಮೇತ! ಭರಮವ್ವ ತನ್ನ ಕೊಡವನ್ನು ನನ್ನ ಕೈಗಿಟ್ಟಳು. "ದೊಡ್ಡವರು ಮಾಡಿದ ಕಾಯ್ದೆ, ಮುರೀಬಾರ್ದು. ನಡ್ರಿ ಸಾಹೇಬ್ರ."

ಹದಿನಾಲ್ಕು ಮನೆ, ಮನೆಗೆರಡು ಕೊಡ. ನಮ್ಮ ಮನೆಗೆ ಹನ್ನೆರಡು. ಅಸದ ಎಣಿಸುವ ಭಾರ ಹೊತ್ತ. ಗುಡ್ಡಪ್ಪನೇ ಕನಿಕರಪಟ್ಟು ಕೈಗಾಡಿ ತಂದ, ಆದ್ದರಿಂದ ರಸ್ತೆಯ ಪಾಡು ತಪ್ಪಿತು. ಮೆಟ್ಟಿಲು ಮಾತ್ರ ನನ್ನವೇ. ಕುಡಿಯಲು, ಅಡುಗೆಗೆ ನೀರಿನ ಕ್ಯಾನು ತರಿಸಿದೆವು. ಜಳಕಕ್ಕೆ, ಪಾತ್ರೆಗೆ, ಕೂಸಿನ ಬಟ್ಟೆಗೆಲ್ಲ ಹೌಜಿನ ನೀರು. ಇಪ್ಪತ್ತನೇ ಕೊಡಕ್ಕೆ ಕಾಲು ನಡುಗಿದವು. ಮೂವತ್ತನೆಯದಕ್ಕೆ ಅವು ನನ್ನವೇ ಎಂಬ ನಂಬಿಕೆ ಹೋಯಿತು.

ಸಂಜೆ ಕೊನೆಯ ಕೊಡ ಗಾಡಿಗೇರಿಸಿ ಗೇಟಿನ ಬಳಿ ಕುಸಿದು ಕುಳಿತೆ. ಇಷ್ಟೆಲ್ಲ ಆದರೂ ಇತಿಹಾಸದ ಚಟ ಬಿಡಬೇಕಲ್ಲ!

"ಗುಡ್ಡಪ್ಪ, ಆ ಕಾಯ್ದೆ ಯಾವ ನವಾಬರ ಕಾಲದ್ದು?"

ಗುಡ್ಡಪ್ಪ ಗೇಟಿಗೆ ಕೀಲಿ ಹಾಕಿ, ನೆಲ ನೋಡುತ್ತ ಹೇಳಿದ:

"ಯಾವ ನವಾಬರದೂ ಅಲ್ರಿ, ನಾನ ಮಾಡಿದ್ದು. ಹೊತ್ತಾತು ಅಂತ ಮೂರು ಸಲ ಹೇಳಿದೆ, ನಿಮಗ ಕೇಳ್ಲಿಲ್ಲ. ಇತಿಹಾಸ ಅಂತ ಹೇಳಿದ್ರರ ಕಿವಿಗೆ ಬೀಳ್ತೈತೇನೋ ಅಂತ ಹಂಗ ಹೇಳಿದೆರಿ."